ಎಡಮೂಲೆಯ ಸಿಹಿ

ಮೊಣಕಾಲೂರಿ ಕುಳಿತು, ಗೋಡೆಗೆ ಒರಗಿಸಿಟ್ಟಿದ್ದ ಒಡೆದ ಕಿಟಕಿಯ ಚೌಕಟ್ಟಿಗೆ ಮುಖ ಒಡ್ಡಿ, ಅದರ ಕೆಳಗಿನ ಎಡಮೂಲೆಯನ್ನು ನಾನು ನೆಕ್ಕಿದೆ.

ಹಿಂದೆ ನಿಂತಿದ್ದ ಫೈಟ್ ಮಾಸ್ಟರು ಕೆಮ್ಮಿದರು. ಹಸಿವಾಗಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತೇ ಎನ್ನುವಂಥ ಕೆಮ್ಮು.

ಸಿಹಿ. ಅನುಮಾನವೇ ಇಲ್ಲ.

ಜೇಬಿನಿಂದ ಬೀಗದ ಕೈ ತೆಗೆದು, ಆ ಮೂಲೆಯಲ್ಲಿ ಇನ್ನೂ ಕಚ್ಚಿಕೊಂಡಿದ್ದ ಚೂರಿನ ಮೇಲೆ ಗೀರಿದೆ. ಗೀರು ಬೀಳಲಿಲ್ಲ. ಕುಟ್ಟಿದೆ. ಟಣ್ ಎಂದಿತು. ಸಕ್ಕರೆ ಟಣ್ ಎನ್ನುವುದಿಲ್ಲ. ಇದು ಗಾಜು, ಅಪ್ಪಟ ಗಾಜು. ಅದರ ಮೇಲೆ ಯಾರೋ ಪಾಕ ಸವರಿದ್ದರು.

ಇದನ್ನು ನನಗಿಂತ ಮೊದಲು ಕಂಡುಹಿಡಿದದ್ದು ಇರುವೆಗಳು. ಚೌಕಟ್ಟಿನ ನಾಲ್ಕೂ ಮೂಲೆಗಳಲ್ಲಿ ಚೂರುಗಳಿದ್ದವು. ಮೂರರಲ್ಲಿ ಇರುವೆಯ ಸುಳಿವಿಲ್ಲ. ಎಡಮೂಲೆಯಲ್ಲಿ ಮಾತ್ರ ಸಂತೆ.

ಸೋಮವಾರ ಇದೇ ಕಿಟಕಿಯಿಂದ ಹಾರಿದ ಹೀರೋನ ಡೂಪು, ಎಲ್ಲರ ಬಾಯಲ್ಲೂ ‘ಚೆಂಡು’, ಈಗ ಕುತ್ತಿಗೆ ತುಂಬ ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಾನೆ. ಕಿಟಕಿಗೆ ಸಕ್ಕರೆ ಗಾಜು ಕೂರಿಸಬೇಕಾಗಿದ್ದ ಅವನ ಸೋದರಮಾವ ಲಾಕಪ್ಪಿನಲ್ಲಿದ್ದಾರೆ. ಸೆಟ್ಟಿನ ಸಾಮಾನೆಲ್ಲ ನೋಡಿಕೊಳ್ಳುವ ಅವರು ಯೂನಿಟ್ಟಿಗೆಲ್ಲ ‘ಸಕ್ಕರೆ ಮಾವ’. ಕಸ್ಟಡಿ ಮುಗಿದು ನಾಳೆ ಮತ್ತೆ ಕೋರ್ಟಿಗೆ ಕರೆದೊಯ್ಯುತ್ತಾರೆ. ಪತ್ತೇದಾರನಾದ ನನ್ನನ್ನು ಕರೆಸಿದವಳು ಚೆಂಡಿನ ಅಕ್ಕ. ಇಲ್ಲೇ ಬಟ್ಟೆ ಹೊಲಿಯುವವಳು, ‘ಸೂಜಿಯಕ್ಕ’. ತಾಯಿ ತಂದೆ ಇಲ್ಲದ ಇಬ್ಬರನ್ನೂ ಹೆಗಲ ಮೇಲೆ ಹೊತ್ತು ಸಾಕಿದ ಮಾವ, ಆ ಹೆಗಲಿನ ಕೂಸಿನ ಕುತ್ತಿಗೆ ಕುಯ್ಯುತ್ತಾರಾ? ಆಕೆ ಕೇಳಿದ್ದು ಅಷ್ಟೇ.

ಇದು ಮುಚ್ಚಿಹೋದ ಐಸ್ ಫ್ಯಾಕ್ಟರಿ. ಐಸ್ ನಿಂತು ವರ್ಷಗಳಾದರೂ ಗೋಡೆಗೆ ಹಳೇ ಚಳಿ ಅಂಟಿಕೊಂಡಿದೆ. ಇದರೊಳಗೆ ಕಾಲಯಾನದ ಸಿನಿಮಾವೊಂದರ ಎರಡನೇ ಭಾಗ ತೆಗೆಯುತ್ತಿದ್ದಾರೆ. ಕಾಲಯಂತ್ರ ಅಂದರೆ ಹಳೇ ಲಿಫ್ಟಿನ ಪಂಜರ, ಅದರೊಳಗೆ ವಾಷಿಂಗ್ ಮೆಷಿನ್ನಿನ ಡ್ರಮ್ಮು, ಬ್ಯೂಟಿ ಪಾರ್ಲರಿನಲ್ಲಿ ಕೂದಲು ಒಣಗಿಸುವ ಎರಡು ಟೊಪ್ಪಿ. ಇಸವಿ ತೋರಿಸುವುದು ಯಾವುದೋ ಬ್ಯಾಂಕು ಎಸೆದ ಟೋಕನ್ ಬೋರ್ಡು. ಮೊದಲ ಭಾಗದ ಕೊನೆಗೆ ಹೀರೊ ಕಿಟಕಿ ಒಡೆದು ಹಾರುತ್ತಾನೆ. ಎರಡನೇ ಭಾಗದಲ್ಲಿ ಅವನೇ ಭವಿಷ್ಯದಿಂದ ಬಂದು ಆ ಹಾರಾಟ ತಪ್ಪಿಸಬೇಕು. ತಲುಪುವಷ್ಟರಲ್ಲಿ ತಡವಾಗುತ್ತದೆ. ಹಾಗಾಗಿ ಅದೇ ಕಿಟಕಿ, ಅದೇ ಕೋಟು, ಅದೇ ಹಾರಾಟ ಮತ್ತೊಮ್ಮೆ ಬೇಕು.

ಮೊದಲ ಭಾಗದಲ್ಲಿ ಹಾರಿದ್ದು ಚೆಂಡು. ಹಾರಿದೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದು ಹೀರೊ. ಡೂಪು ಗೀಪು ನನಗೆ ಗೊತ್ತಿಲ್ಲ ಎಂಬ ಅವನ ಮಾತು ಪೋಸ್ಟರಿನ ಮೇಲೂ ಬಂತು. ಬೆನ್ನು ಒಬ್ಬನದು, ಮುಖ ಒಬ್ಬನದು. ಚಪ್ಪಾಳೆ ಮುಖಕ್ಕೆ, ಮುಲಾಮು ಬೆನ್ನಿಗೆ.

ಕಿಟಕಿಗೆ ಎರಡು ಥರದ ಗಾಜು. ಹೀರೊ ನಿಂತು ಹೊರಗೆ ದಿಟ್ಟಿಸುವ ಶಾಟಿಗೆ ನಿಜವಾದದ್ದು, ಅದು ‘ನೋಡೋ ಗಾಜು’. ಹಾರುವ ಶಾಟಿಗೆ ಸಕ್ಕರೆ ಕಾಯಿಸಿ ತೆಳ್ಳಗೆ ಹೊಯ್ದ ‘ಒಡೆಯೋ ಗಾಜು’. ಅಳತೆ ಒಂದೇ. ಪಕ್ಕಪಕ್ಕ ಇಟ್ಟರೂ ಕಣ್ಣಿಗೆ ಗುರುತು ಸಿಗುವುದಿಲ್ಲ. ಮುಟ್ಟಿ ನೋಡುವಂತಿಲ್ಲ, ಬೆವರು ತಾಗಿದರೆ ಸಕ್ಕರೆ ಮಂಕಾಗುತ್ತದೆ.

ಅದಕ್ಕೇ ಮಾವ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಹಾರುವ ಮೊದಲು ಎಲ್ಲರೆದುರು ಬಗ್ಗಿ, ಕ್ಯಾಮೆರಾಕ್ಕೆ ಕಾಣದ ಆ ಎಡಮೂಲೆಯನ್ನು ನೆಕ್ಕಿ, ‘ಸಿಹಿ’ ಅನ್ನುವುದು. ಆ ಮಾತು ಕಿವಿಗೆ ಬೀಳುವವರೆಗೆ ಚೆಂಡು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಇಡೀ ಯೂನಿಟ್ಟಿನ ಧೈರ್ಯ ಒಬ್ಬ ಮುದುಕರ ನಾಲಿಗೆಯ ತುದಿಯಲ್ಲಿತ್ತು.

ಸೋಮವಾರವೂ ಮಾವ ನೆಕ್ಕಿದರು. ಸಿಹಿ ಅಂದರು. ಚೆಂಡು ಹಾರಿದ.

ಇನ್ಸ್‌ಪೆಕ್ಟರಿಗೆ ಇನ್ನೇನು ಬೇಕು? ಗಾಜು ನಿಜವಾದದ್ದು, ಮುದುಕ ಸಿಹಿ ಅಂದ, ಅಂದಮೇಲೆ ಮುದುಕ ಬೇಕಂತಲೇ ಸುಳ್ಳು ಹೇಳಿದ. ನಿನ್ನೆ ಠಾಣೆಗೆ ಹೋಗಿ ನಾನು ವಾದ ಮಾಡಿದಾಗ ಆತ ಕುರ್ಚಿಗೆ ಒರಗಿ ನಕ್ಕ. “ಮುದುಕ ಒಳಗಿರೋವಾಗ ಇನ್ನೊಂದ್ಸಲ ಹೀಗೇ ಆಗ್ಲಿ, ನಾನೇ ಜೀಪಲ್ಲಿ ಕೂರಿಸ್ಕೊಂಡು ಹೋಗಿ ಮನೆಗೆ ಬಿಟ್ಟು ಬರ್ತೀನಿ” ಅಂದ.

ಆ ಸಿಟ್ಟಿನಲ್ಲೇ ಸಂಜೆ ಸೂಜಿಯಕ್ಕನಿಗೆ ಫೋನು ಮಾಡಿ ಅವನ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದ್ದೆ. ಆಕೆ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಅಳುವಿನಲ್ಲಿ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ.

ಈಗ ಮಾವ ಸುಳ್ಳು ಹೇಳಿಲ್ಲ ಎನ್ನುವುದಕ್ಕೆ ನನ್ನ ನಾಲಿಗೆ ಸಾಕ್ಷಿ. ಆದರೆ ನಾಲಿಗೆ ಸಾಲದು, ಪಾಕ ಸವರಿದ ಕೈ ಬೇಕು. ಮಾವ ಯಾವ ಮೂಲೆ ನೆಕ್ಕುತ್ತಾರೆ ಎಂದು ಗೊತ್ತಿದ್ದ ಕೈ.

ಎದ್ದು ಫೈಟ್ ಮಾಸ್ಟರರ ಕಡೆ ತಿರುಗಿದೆ. ಚೆಂಡಿಗೆ ಉರುಳಲು ಕಲಿಸಿದ್ದೇ ಇವರು. ಇತ್ತೀಚೆಗೆ ಅವನು ಇವರನ್ನು ಬಿಟ್ಟು ತಾನೇ ಮಾಸ್ಟರಾಗಲು ಹೊರಟಿದ್ದ. ಅದನ್ನು ಕೇಳಿದೆ. ಅವರು ಕೊರಳಿನ ಸೀಟಿಯನ್ನು ಬೆರಳಿಗೆ ಸುತ್ತಿಕೊಂಡರು. ರೆಕ್ಕೆ ಬಂದ ಮರಿ ಹಾರುತ್ತದೆ, ಅದಕ್ಕೆ ಗೂಡಿಗೆ ಬೆಂಕಿ ಇಡುತ್ತಾರಾ ಎಂದು ನನ್ನನ್ನೇ ಕೇಳಿದರು. ಸೋಮವಾರ ಊಟದ ಹೊತ್ತಿಗೆ ಎಲ್ಲಿದ್ದಿರಿ ಎಂದರೆ, ಅಂಗಳದ ಬಿಸಿಲಲ್ಲಿ ಮಂಡಿ ಕಾಯಿಸಿಕೊಳ್ಳುತ್ತಿದ್ದೆ ಅಂದರು. ಎಲ್ಲರೂ ಹಾಗೇ ಹೇಳುತ್ತಾರೆ. ಈ ಚಳಿಗೂಡಿನಲ್ಲಿ ವಿರಾಮ ಸಿಕ್ಕರೆ ನರಪಿಳ್ಳೆಯೂ ಒಳಗಿರುವುದಿಲ್ಲ. ಪಾಕ ಸವರುವವರಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಬೇಕೇ?

ಡೈರೆಕ್ಟರ ಮೇಲೂ ನನಗೆ ಕಣ್ಣಿತ್ತು. ಸಕ್ಕರೆ ಗಾಜು ಕ್ಯಾಮೆರಾದಲ್ಲಿ ಹಳದಿ ಹೊಡೆಯುತ್ತದೆ, ನಿಜವಾದದ್ದನ್ನೇ ಹಾಕೋಣ ಎಂದು ಆತ ಮಾವನ ಹಿಂದೆ ಬಿದ್ದಿದ್ದನ್ನು ನಾಲ್ಕು ಜನ ಕೇಳಿದ್ದರು. ಮಾವ ಒಪ್ಪಿರಲಿಲ್ಲ. ಈಗ ಆತ ಕಾಲಯಂತ್ರದ ಮೆಟ್ಟಿಲ ಮೇಲೆ ಕುಳಿತು ಕಾಲಾಡಿಸುತ್ತಿದ್ದ. ಆಸ್ಪತ್ರೆಗೆ ಒಮ್ಮೆಯಾದರೂ ಹೋಗಿದ್ದಿರಾ ಎಂದು ಕೇಳಿದೆ. ಹೋಗಬೇಕು, ಹೋಗಬೇಕು ಅಂದ. ಪಕ್ಕದ ಮನೆ ಬೆಕ್ಕಿನ ವಿಷಯ ಮಾತಾಡುವವನ ಹಾಗೆ.

ಇವತ್ತಿನ ಶಾಟಿನ ಮಾತಿಗೆ ಮಾತ್ರ ಅವನ ಮುಖ ಅರಳಿತು. ಸೋಮವಾರದ ರಕ್ತ ಪತ್ರಿಕೆಯವರ ಕಣ್ಣೆದುರೇ ಚೆಲ್ಲಿತ್ತು. ಹಾಗಾದರೆ ಮೊದಲ ಭಾಗದಲ್ಲಿ ಹಾರಿದ್ದು ಯಾರು ಎಂದು ಅವರು ಬರೆದರು. ಈಗ ಹೀರೊ ಮಾನ ಉಳಿಸಿಕೊಳ್ಳಬೇಕು. ಅದಕ್ಕೆ ಇವತ್ತು ಚಹಾ ಆದಮೇಲೆ, ಪತ್ರಿಕೆಯವರ ಮುಂದೆ, ಸ್ವತಃ ಹಾರುತ್ತಾನೆ. ಬೆಳಿಗ್ಗೆ ಅದೇ ಅಳತೆಯ ಹೊಸ ಚೌಕಟ್ಟಿಗೆ ನೋಡೋ ಗಾಜು ಹಾಕಿ ದಿಟ್ಟಿಸುವ ಶಾಟು ತೆಗೆದದ್ದೂ ಆಯಿತು. ಮಾವ ಯಾವಾಗಲೂ ಒಂದು ಒಡೆಯೋ ಗಾಜು ಹೆಚ್ಚಿಗೆ ಮಾಡಿಡುತ್ತಿದ್ದರು, ಅದನ್ನೇ ಊಟಕ್ಕೆ ಮುಂಚೆ ಕೂರಿಸಿಟ್ಟಿದ್ದೇವೆ ಅಂದ.

ಮಾವ ಇಲ್ಲವಲ್ಲ, ನೆಕ್ಕುವವರು ಯಾರು ಎಂದು ಕೇಳಿದೆ.

“ಹೀರೋನೇ ನೆಕ್ತಾರೆ. ಫೋಟೊ ಚೆನ್ನಾಗಿ ಬರುತ್ತೆ.”

ಅವನ ಕಾಲರು ಹಿಡಿಯಬೇಕೆನಿಸಿತು. ಕಾಲರು ಅಂದಕೂಡಲೇ ಕೈಯಲ್ಲಿದ್ದ ಚೀಲ ನೆನಪಾಯಿತು.

ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದೆ. ಮನೆಯವರಾ ಎಂದು ನರ್ಸು ಕೇಳಿದರು, ಹೌದು ಅಂದೆ. ಚೆಂಡಿನ ಮೈಯಿಂದ ಕತ್ತರಿಸಿ ತೆಗೆದ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟರು. ಅವನ ಅಕ್ಕನಿಗೆ ಎಷ್ಟು ಸಲ ಹೇಳಿದರೂ ಒಯ್ಯಲಿಲ್ಲ ಎಂದು ಗೊಣಗಿದರು. ಕಾಲರು ದಪ್ಪ ಇದ್ದದ್ದಕ್ಕೆ ಬದುಕಿದ, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಮುಗಿದೇಹೋಗುತ್ತಿತ್ತು ಅಂದರು.

ಭವಿಷ್ಯದ ಕೋಟು ಅಂದರೆ ಕಾರಿಗೆ ಹೊದಿಸುವ ಬೆಳ್ಳಿ ಬಟ್ಟೆ. ಅದರ ಕಾಲರು ದಪ್ಪ ಇರಲು ಕಾರಣವೇ ಇಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲೇ ಹೊಲಿಗೆ ಬಿಚ್ಚಿ ನೋಡಿದ್ದೆ.

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ಕಿಟಕಿಯಿಂದ ಬಿಚ್ಚಿ ತೆಗೆದ ಸಕ್ಕರೆ ಗಾಜು ಎಲ್ಲಿ ಹೋಯಿತು? ಪೊಲೀಸರು ಮೂಲೆಮೂಲೆ ತಡಕಿದ್ದರು. ಆದರೆ ಸಕ್ಕರೆಯನ್ನು ಬಚ್ಚಿಡಬೇಕಾಗಿಲ್ಲ. ಒಡೆದು ಬಿಸಿನೀರು ಹೊಯ್ದರೆ ಚರಂಡಿಯೇ ನುಂಗಿಕೊಳ್ಳುತ್ತದೆ. ಈ ಕಟ್ಟಡದಲ್ಲಿ ಬಿಸಿನೀರು ಬರುವುದು ಒಂದೇ ಕಡೆ. ಹಳೇ ಬಾಯ್ಲರ್ ಕೋಣೆ. ಈಗ ಅದು ಬಟ್ಟೆ ಕೋಣೆ.

ಚಹಾ ವಿರಾಮ ಮುಗಿಯುತ್ತಿತ್ತು. ಅಂಗಳದಿಂದ ಜನ ಒಳಗೆ ಬರುತ್ತಿದ್ದರು. ನಾನು ಅವರಿಗೆ ಎದುರಾಗಿ ಬಟ್ಟೆ ಕೋಣೆಗೆ ನಡೆದೆ.

ಸೂಜಿಯಕ್ಕ ಬಾಗಿಲಿಗೆ ಬೆನ್ನು ಮಾಡಿ ಗುಂಡಿ ಹೊಲಿಯುತ್ತಿದ್ದಳು. ಕನ್ನಡಿ ಆವಿಗೆ ಮಬ್ಬಾಗಿತ್ತು. ಮೂಲೆಯ ಬಚ್ಚಲಲ್ಲಿ ತಗಡಿನ ಟಬ್ಬು ಬೋರಲಾಗಿತ್ತು. ಬಗ್ಗಿ ನೋಡಿದೆ. ಚರಂಡಿಯ ಬಾಯಿಗೆ ಇರುವೆಗಳ ಸಾಲು. ಗೋಡೆಯ ಬಿರುಕಿನಿಂದ ಇಳಿದು, ಒದ್ದೆ ಅಂಚನ್ನು ಸುತ್ತುಹಾಕಿ ತಡಕಾಡುತ್ತಿದ್ದವು.

ಆಕೆ ನೋಡಿದಳು. ನಾನು ನೋಡಿದ್ದನ್ನೂ ನೋಡಿದಳು.

ಮೇಜಿನ ಮೇಲೆ ಚೀಲ ಇಟ್ಟೆ.

“ಇದನ್ನ ಯಾಕೆ ಅಕ್ಕ ಆಸ್ಪತ್ರೇಲೇ ಬಿಟ್ರಿ?”

“ರಕ್ತ ನೋಡಕ್ಕಾಗಲ್ಲ.”

“ರಕ್ತದ ಬಟ್ಟೆ ಒಗೆಯೋದೇ ನಿಮ್ಮ ಕೆಲಸ.”

“ಅದು ಬಣ್ಣ. ಇದು ನಮ್ಮನೆ ರಕ್ತ.”

ಕೋಟನ್ನು ಬಿಡಿಸಿ ಕಾಲರು ಮಗುಚಿದೆ. ಬಿಚ್ಚಿದ ಹೊಲಿಗೆಯ ಸಂದಿಯಲ್ಲಿ ಕಂದು ಚರ್ಮ ಇಣುಕಿತು. ದಪ್ಪ ಚರ್ಮ, ಒಂದು ತುದಿಯಲ್ಲಿ ಇನ್ನೂ ಹಿತ್ತಾಳೆಯ ಒತ್ತುಗುಂಡಿ. ಯಾವುದೋ ಹೆಗಲುಚೀಲದ ಮುಚ್ಚಳ ಕತ್ತರಿಸಿ ಒಳಗಿಟ್ಟದ್ದು. ಆಕೆಯ ಕುರ್ಚಿಯ ಬೆನ್ನಿಗೆ ನೇತಾಡುತ್ತಿದ್ದ ಕಂದು ಚೀಲಕ್ಕೆ ಮುಚ್ಚಳ ಇರಲಿಲ್ಲ.

ಹೀರೋನ ಕೋಟುಗಳೆಲ್ಲ ಅಲ್ಲೇ ಸಾಲಾಗಿ ತೂಗುಬಿದ್ದಿದ್ದವು. ಒಂದೊಂದರ ಕಾಲರನ್ನೂ ಬೆರಳಲ್ಲಿ ಹಿಚುಕಿದೆ. ಬರೀ ಬಟ್ಟೆ. ಚರ್ಮ ಇದ್ದದ್ದು ಚೆಂಡಿನ ಕೋಟಿಗೆ ಮಾತ್ರ. ಅಂದರೆ ಗಾಜು ಒಡೆಯುವ ಮೊದಲೇ, ಆ ಕುತ್ತಿಗೆಗೆ ಅಪಾಯ ಇದೆ ಎಂದು ಈ ಕೋಣೆಗೆ ಗೊತ್ತಿತ್ತು.

ಹಾಗೆಂದು ಹೇಳಿದೆ. ಆಕೆ ಸೂಜಿ ಕೆಳಗಿಡಲು ಹೋದಳು. ಅದು ಬೆರಳಿಗೆ ಅಂಟಿಕೊಂಡಿತು. ಕೊಡವಿದಳು.

“ಮಾವನ್ನ ಬಿಡಿಸಿ ಅಂತ ನಿಮ್ಮನ್ನ ಕರೆದೆ” ಅಂದಳು. “ತಮ್ಮನ್ನ ಸಿಕ್ಕಿಸಿ ಅಂದಿದ್ನಾ?”

ಫೈಟ್ ಮಾಸ್ಟರು, ಡೈರೆಕ್ಟರು, ಹೀರೊ ಎಂದು ಮೂರು ಮುಖಗಳ ಸುತ್ತ ಗಾಣದ ಎತ್ತಿನ ಹಾಗೆ ಸುತ್ತಿದ್ದೆ. ಗಾಯಗೊಂಡವನ ಕಡೆ ತಿರುಗಿಯೂ ನೋಡಿರಲಿಲ್ಲ.

ಆಮೇಲೆ ಆಕೆ ತಾನಾಗಿಯೇ ಹೇಳಿದಳು, ಬಚ್ಚಲ ಕಡೆ ನೋಡುತ್ತ. ಸೋಮವಾರ ಬೆಳಿಗ್ಗೆ ತಮ್ಮ ಬಂದಿದ್ದ. ಕಾಲರಿನೊಳಗೆ ಚರ್ಮ ಇಟ್ಟು ಹೊಲಿ ಅಂದ. ಯಾಕೆ ಎಂದರೆ ಮೊದಲು ನಕ್ಕ, ಆಮೇಲೆ ಹೇಳಿದ. ಇವತ್ತು ಪತ್ರಿಕೆಯವರು ಬರುತ್ತಾರೆ, ಅವರೆದುರು ನೋಡೋ ಗಾಜಿನಿಂದಲೇ ಹಾರುತ್ತೇನೆ. ಕೈ ಗೀರುತ್ತದೆ, ಅಷ್ಟೇ. ಅಷ್ಟು ಸಾಕು. ಬೇಡ ಎಂದು ಈಕೆ ಕೈ ಹಿಡಿದಳು. ಅವನು ಕೊಟ್ಟ ಉತ್ತರವನ್ನು ಹೇಳುವಾಗ ಮಾತ್ರ ಆಕೆಯ ದನಿ ಅವನದಾಯಿತು.

“ರಕ್ತ ಬಂದ್ರೆ ಹಾರಿದ್ದು ಯಾರು ಅಂತ ಗೊತ್ತಾಗುತ್ತೆ ಅಕ್ಕ. ಬೆನ್ನಿಗೂ ಒಂದು ಮುಖ ಬರುತ್ತೆ.”

ಸಕ್ಕರೆ ಗಾಜನ್ನು ಅವನೇ ಈ ಬಚ್ಚಲಲ್ಲಿ ಕರಗಿಸಿದ್ದ. ಪಾಕವನ್ನೂ ಅವನೇ ಸವರಿದ್ದ. ಹೆಗಲ ಮೇಲೆ ಹೊತ್ತು ಬೆಳೆಸಿದ ಮಾವನ ನಾಲಿಗೆಗೇ ಮೋಸ ಮಾಡಿದ್ದ. ಕುತ್ತಿಗೆಗೆ ಬಡಿದ ಗಾಜನ್ನು ಚರ್ಮ ತಡೆಯಿತು. ಆದರೆ ಕಾಲರಿನ ಅಂಚಿನ ಮೇಲಿಂದ ಒಂದು ಚೂರು ಜಾರಿತು. ಒಂದೇ ಒಂದು.

ಯಾಕೆ ಇಷ್ಟು ದಿನ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

“ಎರಡು ಕಣ್ಣಲ್ಲಿ ಯಾವ್ದು ಬೇಡ ಅಂತ ಕೇಳಿದ್ರೆ ನೀವು ಯಾವ್ದನ್ನ ಹೇಳ್ತೀರಿ?”

ನನಗೆ ಸಿಟ್ಟು ಬಂದಿತ್ತು, ಅದನ್ನು ಯಾರ ಮೇಲೆ ಇಳಿಸಬೇಕೋ ತಿಳಿಯಲಿಲ್ಲ. ಸತ್ಯ ಹೇಳಿದರೆ ಮಾವ ಹೊರಗೆ, ಹಾಸಿಗೆಯಿಂದ ಎದ್ದ ದಿನ ತಮ್ಮ ಒಳಗೆ. ಬಚ್ಚಿಟ್ಟರೆ ತಮ್ಮ ಹೊರಗೆ, ಮಾವ ಅಲ್ಲೇ ಮುಗಿಯುತ್ತಾರೆ. ತಮ್ಮನ ಹೆಸರು ಕದ್ದ ಹೀರೊ ಮಾತ್ರ ಅಲ್ಲಿ ಪತ್ರಿಕೆಯವರಿಗೆ ಹಲ್ಲು ತೋರಿಸುತ್ತಾನೆ.

“ಇವತ್ತೊಂದು ದಿನ ಯಾರಿಗೂ ಹೇಳ್ಬೇಡಿ” ಅಂದಳು. “ಸಂಜೆ ನಾನೇ ನಿಮ್ಜೊತೆ ಠಾಣೆಗೆ ಬರ್ತೀನಿ.”

ಒಪ್ಪಿದೆ. ನಾಳೆಯವರೆಗೆ ಸಮಯ ಇದೆಯಲ್ಲ ಅಂದುಕೊಂಡೆ. ಸಂಜೆಯವರೆಗೆ ಕಾಯುವುದರಿಂದ ಏನು ಬದಲಾಗುತ್ತದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಹೊರಗೆ ಫೈಟ್ ಮಾಸ್ಟರರ ಮೊದಲ ಸೀಟಿ ಕೂಗಿತು. ಜಾಗ ಖಾಲಿ ಮಾಡಿ ಎಂದು ಅರ್ಥ. ನಾನು ಹೊರಟೆ. ಆಕೆಯೂ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದಳು.

ಕಾಲಯಂತ್ರದ ದೀಪಗಳು ಮಿಣುಕುತ್ತಿದ್ದವು. ಟೋಕನ್ ಬೋರ್ಡಿನ ಮೇಲೆ ಇಸವಿ ಹಿಂದಕ್ಕೆ ಓಡುತ್ತಿತ್ತು. ಹೀರೊ ಬೆಳ್ಳಿ ಕೋಟು ತೊಟ್ಟು ಕಿಟಕಿಯ ಮುಂದೆ ನಿಂತಿದ್ದ. ಹ್ಞಾಂ, ಈ ಕಡೆ, ಈ ಕಡೆ ಎಂದು ಫೋಟೊದವರು ಕರೆಯುತ್ತಿದ್ದರು. ಅವನ ಮೇಲ್ದುಟಿಯಲ್ಲಿ ಬೆವರಿತ್ತು. ಮೊದಲ ಬಾರಿಗೆ ನಿಜವಾಗಿ ಹಾರಬೇಕಾಗಿ ಬಂದವನ ಬೆವರು.

ಅವನು ಬಗ್ಗಿ ಎಡಮೂಲೆಯನ್ನು ನೆಕ್ಕಿದ. ನೆಕ್ಕಿ, ಕ್ಯಾಮೆರಾಗಳ ಕಡೆ ತಿರುಗಿ ಕಣ್ಣು ಹೊಡೆದ.

“ಸಿಹಿ” ಅಂದ.

ಎಲ್ಲರೂ ನಕ್ಕರು. ನನಗೂ ನಗು ಬರುವುದರಲ್ಲಿತ್ತು. ಆಗ ಚೌಕಟ್ಟಿನ ಕಾಲುಗಳ ಮೇಲೆ ಕಣ್ಣು ಬಿತ್ತು. ಶಾಟು ಶುರುವಾಗುವವರೆಗೆ ಮಾವ ಆ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುತ್ತಿದ್ದರಂತೆ, ಇರುವೆ ಹತ್ತದಿರಲೆಂದು. ಇವತ್ತು ಬಟ್ಟಲು ಇಡುವವರಿಲ್ಲ. ಇರುವೆ ಹತ್ತಿದ್ದವು.

ಹತ್ತಲೇಬೇಕು. ಪೂರ್ತಿ ಸಕ್ಕರೆಯ ಗಾಜು. ನಾಲ್ಕೂ ಅಂಚಿಗೆ ಮುತ್ತಬೇಕು.

ಮುತ್ತಿರಲಿಲ್ಲ. ಎಡಮೂಲೆಯಲ್ಲಿ ಮಾತ್ರ.

ಚೆಂಡು ಆಸ್ಪತ್ರೆಯಲ್ಲಿ. ಮಾವ ಲಾಕಪ್ಪಿನಲ್ಲಿ. ಸೋಮವಾರ ಕರಗಿದ ಸಕ್ಕರೆಗೆ, ದಿನಾ ಸೋಪು ಹಾಕಿ ಬಟ್ಟೆ ಒಗೆಯುವ ಬಚ್ಚಲಲ್ಲಿ, ಇವತ್ತು ಗುರುವಾರ ಇರುವೆ ಬರುತ್ತವೆಯೇ? ಕನ್ನಡಿಯ ಮೇಲಿದ್ದ ಆವಿ ಯಾವ ದಿನದ್ದು? ಬೆರಳಿಗೆ ಅಂಟಿದ ಆ ಸೂಜಿ?

ಮುದುಕ ಒಳಗಿರುವಾಗ ಇನ್ನೊಂದು ಸಲ ಹೀಗೇ ಆಗಲಿ. ಇನ್ಸ್‌ಪೆಕ್ಟರು ಅಂದದ್ದು ಅದು. ಅಕ್ಷರ ಬಿಡದೆ ಆಕೆಯ ಕಿವಿಗೆ ಮುಟ್ಟಿಸಿದವನು ನಾನು. ಇನ್ನೊಂದು ಸಲ ಹೀಗೇ ಆದರೆ, ಮಾಡಿದ್ದು ಮಾವನೂ ಅಲ್ಲ, ತಮ್ಮನೂ ಅಲ್ಲ ಎಂದಾಗುತ್ತದೆ. ಎರಡು ಕಣ್ಣೂ ಉಳಿಯುತ್ತವೆ.

ಎರಡನೇ ಸೀಟಿ ಕೂಗಿತು. ಹೀರೊ ಓಡಲು ಶುರುಮಾಡಿದ.

ಬೆನ್ನ ಹಿಂದೆ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ಸೂಜಿಯಕ್ಕ ಅಂದಳು:

“ಈ ಕೋಟಿಗೆ ನಾನು ಚರ್ಮ ಇಟ್ಟಿಲ್ಲ.”